ಹಕ್ಕಿ ಕೂಗಿತು, ಅಪ್ಪನಿಗೆ ಕೇಳಿಸಲಿಲ್ಲ

ಚಳಿಗಾಲ ಬಂತೆಂದರೆ ನಮ್ಮ ದವಾಖಾನೆಯ ಮುಂದೆ ನೆಗಡಿ, ಕೆಮ್ಮು, ದಮ್ಮು, ಕೀಲುನೋವಿನವರ ಸಾಲು ಉದ್ದವಾಗುತ್ತದೆ. ಬೆಚ್ಚಗಿರಿ, ಬಿಸಿನೀರು ಕುಡಿಯಿರಿ, ಬೆಳಗಿನ ಚಳಿಗೆ ಹೊರಗೆ ಹೋಗಬೇಡಿ ಎಂದು ಪ್ರತಿವರ್ಷ ಹೇಳುತ್ತ ಬಂದವನು ನಾನು. ಈ ವಾರ ಮಾತ್ರ ಅದಕ್ಕೆ ವಿರುದ್ಧವೆನಿಸುವ ಮಾತೊಂದನ್ನು ಹೇಳಬೇಕಾಗಿದೆ. ಈ ಚಳಿಗಾಲ ಮುಗಿಯುವುದರೊಳಗೆ ಒಂದು ಮುಂಜಾನೆ ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಊರ ಹೊರಗಿನ ಕೆರೆಗೋ ತೋಟಕ್ಕೋ ಹೋಗಿ. ಅಲ್ಲಿಯ ಹಕ್ಕಿ, ಹುಳು, ನೀರಿನ ಸದ್ದನ್ನು ಮೊಬೈಲ್‌ನಲ್ಲಿ ಹಿಡಿದು ತನ್ನಿ. ಡಾಕ್ಟರರಿಗೆ ಬೇರೆ ಕೆಲಸವಿಲ್ಲವೇ ಎನ್ನಬೇಡಿ. ಇದಕ್ಕೆ ಕಾರಣವಿದೆ, ಅದೂ ನನ್ನ ಮನೆಯದೇ.

ಕಳೆದ ವರ್ಷದ ಡಿಸೆಂಬರ್. ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳಿಗೆ ನಿಸರ್ಗದ ಶಬ್ದಗಳನ್ನು ಸಂಗ್ರಹಿಸಿ ತರುವಂತೆ ಶಾಲೆಯಲ್ಲಿ ಹೇಳಿದ್ದರು. ನಾವಿರುವುದು ಗದಗದಲ್ಲಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನಮಗೆ ದೂರವೇನಲ್ಲ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲದಲ್ಲಿ ಅಲ್ಲಿ ಇಳಿಯುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾಗಿರುವ, ಎಪ್ಪತ್ನಾಲ್ಕು ವರ್ಷದ ನನ್ನ ತಂದೆಯನ್ನೂ ಕರೆದುಕೊಂಡು ಬೆಳಕು ಹರಿಯುವ ಮುನ್ನ ಅಲ್ಲಿಗೆ ಹೋದೆವು.

ಹೊಲಗಳಲ್ಲಿ ಮೇಯ್ದ ಬಾತುಗಳು ಗುಂಪುಗುಂಪಾಗಿ ಕೆರೆಗೆ ಮರಳುತ್ತಿದ್ದವು. ಅವುಗಳ ದಪ್ಪ ದನಿ ಕೇಳಿ ಅಪ್ಪ ಹಿಗ್ಗಿದರು. ಆಮೇಲೆ ಮಗಳು ಬಾಯಿಗೆ ಬೆರಳಿಟ್ಟು, "ಅಜ್ಜಾ, ಸುಮ್ಮಕ ಇರು, ಆ ಸಣ್ಣ ಹಕ್ಕಿ ಕೂಗಾಕತ್ತೈತಿ" ಎಂದಳು. ಒಡ್ಡಿನ ಮೇಲೆ ಬಾಲ ಕುಣಿಸುತ್ತ ಓಡಾಡುತ್ತಿದ್ದ ಕುಂಡೆಕುಸ್ಕ ಅದು. ಅಪ್ಪ ಅದನ್ನೇ ನೋಡುತ್ತ ನಿಂತರು. "ಹಕ್ಕಿ ಕಾಣಸ್ತೈತಿ. ಆದ್ರ ಅದು ಎಲ್ಲಿ ಕೂಗೇತವಾ?" ಎಂದರು.

ಮನೆಗೆ ಬಂದು ಮುದ್ರಿಸಿದ್ದನ್ನು ಹಾಕಿದೆವು. ಬಾತಿನ ದನಿ ಮುಗಿದ ಮೇಲೆ ಕುಂಡೆಕುಸ್ಕದ ಚಿಲಿಪಿಲಿ ಸ್ಪಷ್ಟವಾಗಿತ್ತು. ಅಪ್ಪ ಮಾತ್ರ, "ಇಲ್ಲಿ ಬರೇ ಸುಮ್ಮಕ ಐತಲ್ಲ, ಮುಂದ ಹಾಕು" ಎಂದರು. ಅಷ್ಟರಲ್ಲಿ ಮಗಳು, "ಹಿಂದ ಸಣ್ಣಗ ಒಂದು ಹುಳದ ಸಪ್ಪಳ ಐತಿ, ಕೇಳ್ರಿ" ಎಂದಳು. ಅದು ನನಗೆ ಕೇಳಿಸಲಿಲ್ಲ! ಒಂದೇ ರೆಕಾರ್ಡಿಂಗ್, ಮೂರು ತಲೆಮಾರು. ಮೊಮ್ಮಗಳಿಗೆ ಮೂರು ಸದ್ದು, ನನಗೆ ಎರಡು, ಅಪ್ಪನಿಗೆ ಒಂದೇ.

ನಾಚಿಕೆಯ ಸಂಗತಿ ಮುಂದಿದೆ. ಎರಡು ವರ್ಷದಿಂದ ಅಪ್ಪ ಟಿ.ವಿ. ದನಿ ಏರಿಸುತ್ತಿದ್ದರು. ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುತ್ತಿದ್ದರು. ಮದುವೆ ಮನೆಗಳಲ್ಲಿ ಮೂಲೆ ಹಿಡಿದು ಕುಳಿತುಬಿಡುತ್ತಿದ್ದರು. "ನಿಮ್ಮಪ್ಪಗ ಈಗೀಗ ಸಿಟ್ಟು ಭಾಳ ಆಗೇತಿ" ಎಂದು ಅವ್ವ ದೂರುತ್ತಿದ್ದಳು. ನಾನು ಅದನ್ನು ವಯಸ್ಸಿನ ಹಟ, ಸ್ವಲ್ಪ ಮರೆವು ಎಂದುಕೊಂಡೆ. ದಿನಕ್ಕೆ ಹತ್ತಾರು ಜನರ ಎದೆಗೆ ಸ್ಟೆತಾಸ್ಕೋಪ್ ಹಿಡಿಯುವ ನನಗೆ ಸ್ವಂತ ತಂದೆಯ ಕಿವಿ ಮಂದವಾದದ್ದು ತಿಳಿಯಲಿಲ್ಲ. ದೀಪದ ಕೆಳಗೇ ಕತ್ತಲೆ.

ಸಕ್ಕರೆ ಹೋಗಿ ಅಕ್ಕರೆಯಾದಾಗ

ಮನುಷ್ಯನ ಕಿವಿ ಹುಟ್ಟಿದಾಗ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಅಂಗವೊಂದಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಸದ್ದನ್ನು ಮಿದುಳಿಗೆ ಅರ್ಥವಾಗುವ ಸಂಕೇತವಾಗಿ ಬದಲಿಸುವುದು ಇವುಗಳ ಕೆಲಸ. ವಯಸ್ಸಾದಂತೆ, ಗದ್ದಲಕ್ಕೆ ಸಿಕ್ಕಂತೆ ಇವು ಸಾಯುತ್ತವೆ. ಮೊದಲು ಹಾಳಾಗುವವು ತೀಕ್ಷ್ಣ, ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು. ಆದ್ದರಿಂದಲೇ ಬಾತಿನ ದಪ್ಪ ದನಿ ಕೇಳುವ ಹಿರಿಯರಿಗೆ ಕುಂಡೆಕುಸ್ಕದ ಸಣ್ಣ ದನಿ ಕೇಳುವುದಿಲ್ಲ.

ಹಕ್ಕಿ ಕೇಳದಿದ್ದರೆ ಏನಂತೆ ಎನ್ನಬಹುದು. ನಮ್ಮ ಮಾತಿನಲ್ಲಿಯೂ ಸ್ವರಗಳು ತಗ್ಗಿನ ಕಂಪನದವು. ಸ, ಶ, ಚ, ತ ಮೊದಲಾದ ವ್ಯಂಜನಗಳು ಎತ್ತರದವು. ಎತ್ತರದ್ದು ಹೋಯಿತೆಂದರೆ ಮಾತು ಕೇಳುತ್ತದೆ, ಅರ್ಥವಾಗುವುದಿಲ್ಲ. ‘ಸಕ್ಕರೆ’ ಎಂದರೆ ‘ಅಕ್ಕರೆ’ ಎಂದು ಕೇಳಿಸುತ್ತದೆ. ನಾಲ್ಕು ಜನ ಒಟ್ಟಿಗೆ ಮಾತನಾಡಿದರಂತೂ ಎಲ್ಲ ಕಲಸುಮೇಲೋಗರ. "ನನಗೆ ಕೇಳತೈತಿ, ನೀವೇ ಬಾಯಾಗ ಮಾತಾಡ್ತೀರಿ" ಎಂದು ಹಿರಿಯರು ರೇಗುವುದು ಇದಕ್ಕೇ. ಅವರು ಹೇಳುವುದು ಸುಳ್ಳಲ್ಲ. ಅವರ ಪಾಲಿಗೆ ನಾವು ಬಾಯೊಳಗೇ ಮಾತನಾಡುತ್ತಿರುತ್ತೇವೆ.

60 ವರ್ಷ ದಾಟಿದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಕಿವುಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಿಸದ ಮನುಷ್ಯ ಮೊದಲು ಮಾತು ಕಡಿಮೆ ಮಾಡುತ್ತಾನೆ, ಆಮೇಲೆ ಜನರನ್ನು ಕಡಿಮೆ ಮಾಡಿಕೊಳ್ಳುತ್ತಾನೆ. ಹೆಸರಾಂತ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ನೇಮಿಸಿದ ತಜ್ಞರ ಆಯೋಗ 2017, 2020 ಮತ್ತು 2024ರ ಮೂರೂ ವರದಿಗಳಲ್ಲಿ, ಚಿಕಿತ್ಸೆಯಿಲ್ಲದೆ ಬಿಟ್ಟ ಕಿವುಡನ್ನು ಡಿಮೆನ್ಷಿಯ ಎಂಬ ಮರೆಗುಳಿ ರೋಗದ ಅಪಾಯ ಹೆಚ್ಚಿಸುವ, ಆದರೆ ಸರಿಪಡಿಸಬಹುದಾದ ಮುಖ್ಯ ಕಾರಣಗಳಲ್ಲಿ ಸೇರಿಸಿದೆ.

ಇನ್ನೊಂದು ಸೋಜಿಗ. ಹಕ್ಕಿಗಳ ಒಳಕಿವಿಯ ರೋಮಕೋಶಗಳು ಸತ್ತರೆ ಮತ್ತೆ ಬೆಳೆಯುತ್ತವೆ. 1980ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ನಾವು ಯಾರ ದನಿ ಹಿಡಿಯಲು ಹೋಗುತ್ತೇವೆಯೋ ಅವಕ್ಕೆ ಆ ಭಾಗ್ಯವಿದೆ, ನಮಗಿಲ್ಲ. ನಮ್ಮದು ಹೋದರೆ ಹೋಯಿತು.

ಚಳಿಗಾಲವೇ ಏಕೆ?

ಹಕ್ಕಿಯ ದನಿಯನ್ನು ಯಂತ್ರದಲ್ಲಿ ಹಿಡಿಯುವ ಹವ್ಯಾಸ ಹೊಸದಲ್ಲ. 1889ರಲ್ಲಿ ಜರ್ಮನಿಯ ಎಂಟು ವರ್ಷದ ಹುಡುಗ ಲುಡ್ವಿಗ್ ಕೋಖ್, ಪಂಜರದ ಶಾಮ ಹಕ್ಕಿಯ ಹಾಡನ್ನು ಮೇಣದ ಉರುಳೆಯ ಮೇಲೆ ಮುದ್ರಿಸಿದ. ತಿಳಿದಿರುವ ಮಟ್ಟಿಗೆ ಹಕ್ಕಿ ದನಿಯ ಮೊದಲ ಮುದ್ರಣ ಅದು. ಆ ಶಾಮ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಇದೆ. ಆಗ ಯಂತ್ರವಿದ್ದವರು ಬೆರಳೆಣಿಕೆಯಷ್ಟು. ಇಂದು ಯಂತ್ರ ಎಲ್ಲರ ಜೇಬಿನಲ್ಲಿದೆ, ಕೇಳುವ ವ್ಯವಧಾನವಷ್ಟೇ ಇಲ್ಲ.

ಚಳಿಗಾಲದ ಮುಂಜಾನೆ ಇದಕ್ಕೆ ಹೇಳಿ ಮಾಡಿಸಿದ ಸಮಯ. ಮಳೆಯಿಲ್ಲ, ಮನೆಗಳಲ್ಲಿ ಫ್ಯಾನಿಲ್ಲ, ಗಾಳಿಯೂ ಹೆಚ್ಚಿಲ್ಲ. ಇರುಳೆಲ್ಲ ನೆಲ ತಣ್ಣಗಾಗಿ ಕೆಳಗೆ ತಂಪುಗಾಳಿ, ಅದರ ಮೇಲೆ ಕೊಂಚ ಬೆಚ್ಚನೆಯ ಗಾಳಿ ಪದರವಾಗಿ ನಿಂತಿರುತ್ತದೆ. ಮೇಲೆ ಹೋಗಬೇಕಾದ ಸದ್ದು ಆ ಪದರದಲ್ಲಿ ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ದೂರದ ಗುಡಿಯ ಗಂಟೆ, ರೈಲಿನ ಸಿಳ್ಳು ಚಳಿಯ ಬೆಳಗಿನಲ್ಲಿ ಪಕ್ಕದಲ್ಲೇ ಕೇಳಿದಂತಾಗುವುದು ಇದರಿಂದಲೇ.

ಆದರೆ ಅದೇ ಪದರ ಒಲೆಯ ಹೊಗೆ, ಕಸ ಸುಟ್ಟ ಹೊಗೆ, ವಾಹನದ ಹೊಗೆಯನ್ನೂ ನೆಲಮಟ್ಟದಲ್ಲೇ ಹಿಡಿದಿಡುತ್ತದೆ. ಆದ್ದರಿಂದ ವೈದ್ಯನಾಗಿ ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು:

1. ದಮ್ಮು ಇರುವವರು ಮಂಜು, ಹೊಗೆ ಕವಿದ ದಿನ ಹೋಗಬಾರದು. ಬಿಸಿಲು ಬಿದ್ದ ಮೇಲೆ ಹೋದರೂ ಹಕ್ಕಿಗಳು ಸಿಗುತ್ತವೆ. ಮೂಗು, ಬಾಯಿಗೆ ಬಟ್ಟೆಯಿರಲಿ, ಇನ್‌ಹೇಲರ್ ಜೇಬಿನಲ್ಲಿರಲಿ.

2. ಚಳಿಗೆ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ. ಹೃದ್ರೋಗ, ಬಿ.ಪಿ. ಇರುವವರು ತಮ್ಮ ವೈದ್ಯರನ್ನು ಕೇಳಿ ಹೊರಡಲಿ. ಮಾತ್ರೆ ತಪ್ಪಿಸಬೇಡಿ. ಎದೆ ಬಿಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

3. ನಡೆಯುವಾಗ ಮೈ ಬೆಚ್ಚಗಿರುತ್ತದೆ. ಶಬ್ದ ಹಿಡಿಯಲು ಅಲುಗಾಡದೆ ಕೂತರೆ ಬೇಗ ತಣ್ಣಗಾಗುತ್ತದೆ. ಕಾಲುಚೀಲ, ಕಂಬಳಿ, ಥರ್ಮಾಸಿನಲ್ಲಿ ಬಿಸಿ ಚಹಾ ಇರಲಿ. ಹತ್ತು ನಿಮಿಷ ಕೂತರೆ ಐದು ನಿಮಿಷ ನಡೆಯಿರಿ.

4. ಚಳಿಗೆಂದು ಕಿವಿಯೊಳಗೆ ಹತ್ತಿ ತುರುಕಬೇಡಿ, ಎಣ್ಣೆ ಹಾಕಬೇಡಿ. ತಮಟೆ ತೂತಾಗಿದ್ದರೆ ಎಣ್ಣೆಯಿಂದ ಸೋಂಕು ತಗಲುವ ಅಪಾಯವಿದೆ. ಹತ್ತಿಕಡ್ಡಿ ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ನೂಕುತ್ತದೆ. ಮಫ್ಲರ್ ಸಾಕು.

ಶಬ್ದ ಹಿಡಿಯುವುದು ಸುಲಭ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಚೀಲದ ಮೇಲೋ ಕಲ್ಲಿನ ಮೇಲೋ ಇಡಿ. ಕರೆ ಬರದಂತೆ ಮಾಡಿ. ಸರಸರ ಎನ್ನುವ ನೈಲಾನ್ ಜಾಕೆಟ್ ಬಿಟ್ಟು ಉಣ್ಣೆಯ ಶಾಲು ಹೊದೆಯಿರಿ. ಮೊದಲಿಗೆ ಊರು, ತಾರೀಖು, ಹೊತ್ತು ಹೇಳಿ, ಐದು ನಿಮಿಷ ಯಾರೂ ಮಾತನಾಡದೆ ಕೂಡಿ. ಮನೆಗೆ ಬಂದು ಎಲ್ಲರೂ ಒಟ್ಟಿಗೆ ಕೇಳಿ. ಕೇಳಿದ ಸದ್ದುಗಳನ್ನು ಪ್ರತಿಯೊಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಲಿ, ಆಮೇಲೆ ಚೀಟಿಗಳನ್ನು ತಾಳೆ ನೋಡಿ.

ಇದು ಕಿವಿ ಪರೀಕ್ಷೆಯಲ್ಲ, ಪರೀಕ್ಷೆ ಮಾಡಿಸಬೇಕೇ ಎಂಬ ಸುಳಿವು ಮಾತ್ರ. ಅನುಮಾನ ಬಂದರೆ ಕಿವಿ, ಮೂಗು, ಗಂಟಲು ತಜ್ಞರಲ್ಲಿ ಹೋಗಿ ಆಡಿಯೋಗ್ರಾಂ ಮಾಡಿಸಿ. ಕೆಲವೊಮ್ಮೆ ಗುಗ್ಗೆ ತೆಗೆದರೇ ಅರ್ಧ ಸಮಸ್ಯೆ ಮುಗಿಯುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಅದು ತುರ್ತು ಪರಿಸ್ಥಿತಿ. ನಾಳೆ ನೋಡೋಣ ಎನ್ನದೆ ಅದೇ ದಿನ ವೈದ್ಯರನ್ನು ಕಾಣಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದ್ದೂ ಕಿವಿಯ ಬಗ್ಗೆ ನಮಗೆ ಇಷ್ಟು ಅಸಡ್ಡೆ ಸಲ್ಲದು.

ಕನ್ನಡಕಕ್ಕಿಲ್ಲದ ನಾಚಿಕೆ

ವರ್ಷಕ್ಕೊಮ್ಮೆ ಸಕ್ಕರೆ, ಬಿ.ಪಿ. ನೋಡಿಸುತ್ತೇವೆ. ಊರೂರಿಗೆ ಕಣ್ಣಿನ ಶಿಬಿರ ನಡೆಯುತ್ತದೆ. ಕಿವಿಗೆ ಮಾತ್ರ ಯಾರೂ ದಿಕ್ಕಿಲ್ಲ. ಕನ್ನಡಕ ಹಾಕಿದರೆ ಓದಿದವರು ಎನ್ನುವ ನಾವು, ಕಿವಿಗೆ ಯಂತ್ರ ಹಾಕಿದವರನ್ನು ಕಂಡು ನಗುತ್ತೇವೆ. ಸಿನಿಮಾ, ನಾಟಕಗಳಲ್ಲಿ ಕಿವುಡ ಇಂದಿಗೂ ನಗೆಪಾತ್ರ. ಈ ನಗುವಿಗೆ ಹೆದರಿಯೇ ಎಷ್ಟೋ ಹಿರಿಯರು ವರ್ಷಗಟ್ಟಲೆ ಕೇಳಿಸಿದಂತೆ ನಟಿಸುತ್ತಾರೆ.

ಇನ್ನು ಮಕ್ಕಳ ಕಿವಿಯನ್ನಂತೂ ನಾವೇ ಕೈಯಾರೆ ಹಾಳು ಮಾಡುತ್ತಿದ್ದೇವೆ. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು, 90 ಡೆಸಿಬಲ್ ಆದರೆ ನಾಲ್ಕೇ ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಮೆರವಣಿಗೆಯ ಡಿ.ಜೆ. ಮುಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವ ತಂದೆಗೆ ಈ ಲೆಕ್ಕ ಹೇಳುವವರು ಯಾರು? ಸತ್ತ ರೋಮಕೋಶ ಹುಟ್ಟಿ ಬರುವುದಿಲ್ಲ ಎಂಬುದನ್ನು ಅವನಿಗೆ ಹೇಳಬೇಕಾದವರು ನಾವು, ವೈದ್ಯರು. ನಾವೂ ಹೇಳುತ್ತಿಲ್ಲ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಪರೀಕ್ಷೆಯಾಯಿತು. ಎರಡೂ ಕಿವಿಗಳಲ್ಲಿ ಎತ್ತರದ ಸ್ವರಗಳು ಬಹುಪಾಲು ಹೋಗಿದ್ದವು. ಶ್ರವಣ ಸಾಧನ ಬೇಡವೆಂದು ತಿಂಗಳು ಜಗಳವಾಡಿದರು. ಹಾಕಿಕೊಂಡ ಮೇಲೆ ಪಾತ್ರೆ ಸಪ್ಪಳಕ್ಕೂ ಬೇಸರಪಟ್ಟು ತೆಗೆದಿಟ್ಟರು. ಮಿದುಳು ಹೊಸ ಸದ್ದಿಗೆ ಹೊಂದಿಕೊಳ್ಳಲು ವಾರಗಳು ಬೇಕು. ಮೊದಲ ದಿನವೇ ಬೇಡವೆಂದು ಪೆಟ್ಟಿಗೆಯಲ್ಲಿಡುವವರೇ ಹೆಚ್ಚು. ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ ಈಗ ಬೆಳಗಿನಿಂದ ಸಂಜೆವರೆಗೆ ಹಾಕಿಕೊಳ್ಳುತ್ತಾರೆ. ಟಿ.ವಿ. ದನಿ ಇಳಿದಿದೆ. ಅವ್ವನ ದೂರೂ ಇಳಿದಿದೆ.

ಈ ಚಳಿಗಾಲದಲ್ಲಿ ಮತ್ತೆ ಮಾಗಡಿ ಕೆರೆಗೆ ಹೋಗಿದ್ದೆವು. ಯಂತ್ರ ಹಾಕಿಕೊಂಡರೂ ಕುಂಡೆಕುಸ್ಕದ ದನಿ ಅಪ್ಪನಿಗೆ ಒಮ್ಮೆ ಕೇಳಿಸಿತು, ಒಮ್ಮೆ ಇಲ್ಲ. ಕಳೆದುಹೋದದ್ದೆಲ್ಲ ಮರಳುವುದಿಲ್ಲ. ಆದರೆ ಮಗಳು ಪಿಸುದನಿಯಲ್ಲಿ, "ಅಜ್ಜಾ, ಚಳಿ ಆಗತೈತೇನು?" ಎಂದು ಕೇಳಿದಾಗ ಅವರು ತಿರುಗಿ, "ಇಲ್ಲವಾ" ಎಂದರು. ಎರಡು ವರ್ಷದಿಂದ ನಾವು ಮನೆಯಲ್ಲಿ ಅವರೊಂದಿಗೆ ಕೂಗಿಯೇ ಮಾತನಾಡುತ್ತಿದ್ದೆವು.

ನಿಮ್ಮ ಮನೆಯಲ್ಲೂ ಈಗೀಗ ಮಾತು ಕಡಿಮೆ ಮಾಡಿದ, ಸಿಟ್ಟು ಹೆಚ್ಚಾದ ಹಿರಿಯರೊಬ್ಬರು ಇರಬಹುದು. ಈ ಭಾನುವಾರ ಅವರಿಗೆ ಒಂದು ಶಾಲು ಹೊದಿಸಿ ಹೊರಗೆ ಕರೆದೊಯ್ಯಿರಿ. ಹಕ್ಕಿ ಕೂಗಿದಾಗ ಹಕ್ಕಿಯನ್ನು ನೋಡಬೇಡಿ, ಅವರ ಮುಖ ನೋಡಿ.