ಅಹಮದಾಬಾದು ತಕ್ಕ ಸ್ಥಳವೇ?

2030ನೆಯ ಇಸವಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದು ನಗರದಲ್ಲಿ ನಡೆಯಿಸತಕ್ಕದ್ದೆಂದು 2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ನೆರೆದ ಮಹಾಸಭೆಯು ನಿರ್ಣಯಿಸಿದ ಸಂಗತಿಯನ್ನು ವಾಚಕರು ಬಲ್ಲರು. 2010ರಲ್ಲಿ ದೆಹಲಿಯಲ್ಲಿ ನಡೆದ ಬಳಿಕ ಈ ಕೂಟವು ನಮ್ಮ ದೇಶಕ್ಕೆ ದೊರೆತುದು ಇದು ಎರಡನೆಯ ಸಲ. ಇದಲ್ಲದೆ 2036ರ ಒಲಿಂಪಿಕ್ ಕೂಟವನ್ನು ನಡೆಯಿಸುವ ಇಚ್ಛೆಯನ್ನೂ ಭಾರತವು 2024ರ ಅಕ್ಟೋಬರದಲ್ಲಿ ಪತ್ರಮುಖೇನ ತಿಳಿಯಪಡಿಸಿರುವುದರಿಂದ, ಅಹಮದಾಬಾದಿನ ಕೂಟವನ್ನು ಮುಂದಿನ ದೊಡ್ಡ ಪ್ರಸಂಗದ ಪೂರ್ವರಂಗವೆಂದೇ ಎಣಿಸಬೇಕಾಗಿದೆ. ಪೂರ್ವರಂಗದಲ್ಲಿಯೇ ತಾಳ ತಪ್ಪಿದರೆ ಆಟದ ಗತಿ ಏನಾಗುವುದೆಂಬುದನ್ನು ಬಯಲಾಟ ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಸವಣೂರಿನ ಪೇಟೆಯಲ್ಲಿ ಈ ವಿಷಯವಾಗಿ ಎರಡು ಪಕ್ಷಗಳಿರುವುದನ್ನು ನಾವು ಕಾಣುತ್ತಿದ್ದೇವೆ. ದೇಶಕ್ಕೆ ಕೀರ್ತಿ ಬರುವಾಗ ಊರು ಯಾವುದೆಂದು ಕೇಳುವುದೇ ಅಲ್ಪತನವೆಂದು ಒಂದು ಪಕ್ಷದವರು ಹೇಳುತ್ತಾರೆ. ಆಯ್ಕೆಯ ಕಾಲದ ಪ್ರಧಾನಮಂತ್ರಿಗಳೂ ಗೃಹಮಂತ್ರಿಗಳೂ ಗುಜರಾತಿನವರಾದುದರಿಂದಲೇ ಈ ಭಾಗ್ಯವು ಅಹಮದಾಬಾದಿಗೆ ಒಲಿಯಿತೆಂದು ಮತ್ತೊಂದು ಪಕ್ಷದವರ ವಾದ. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ವಿಚಾರದ ಬಾಗಿಲಲ್ಲಿಯೇ ನಿಂತ ಮಾತುಗಳು. ಕೀರ್ತಿಯು ತಾನಾಗಿ ಬರುವುದಿಲ್ಲ. ಶಂಕೆಯೂ ತಾನೇ ಪ್ರಮಾಣವಾಗುವುದಿಲ್ಲ. ನಗರದ ಯೋಗ್ಯತೆಯನ್ನೇ ನೋಡಬೇಕು.

ಅಹಮದಾಬಾದಿನ ಪಕ್ಷದಲ್ಲಿ ಹೇಳಬೇಕಾದುದು ಬಹಳವುಂಟು. ಮೊಟೇರಾದ ಕ್ರೀಡಾಂಗಣದಲ್ಲಿ 1,32,000 ಜನರು ಕುಳಿತುಕೊಳ್ಳಬಹುದು. ಜಗತ್ತಿನಲ್ಲಿ ಇಷ್ಟು ದೊಡ್ಡ ಕ್ರಿಕೆಟ್ ಅಂಗಣವು ಬೇರೊಂದಿಲ್ಲ. ನಾರಣಪುರದಲ್ಲಿ ಹೊಸ ಕ್ರೀಡಾಸಂಕೀರ್ಣವು ಎದ್ದುನಿಂತಿದೆ. ಕಾಮನ್‌ವೆಲ್ತ್ ದೇಶಗಳ ಭಾರ ಎತ್ತುವ ಸ್ಪರ್ಧೆಯೂ ಏಷ್ಯಾ ಖಂಡದ ಈಜಿನ ಸ್ಪರ್ಧೆಯೂ 2025ರಲ್ಲಿಯೇ ಆ ನಗರದಲ್ಲಿ ಜರುಗಿದವು. ವಿಮಾನ, ರೈಲು, ಮೆಟ್ರೋಗಳ ಅನುಕೂಲವಿದೆ. ಸರ್ವವೂ ದೆಹಲಿಗೇ ಸೇರತಕ್ಕದ್ದೆಂಬ ಹಳೆಯ ಅಭ್ಯಾಸವು ಮುರಿದುದೂ ಸಂತೋಷದ ಸಂಗತಿಯೇ. 1951ರ ಮತ್ತು 1982ರ ಏಷ್ಯನ್ ಕ್ರೀಡೆಗಳೂ 2010ರ ಕೂಟವೂ ರಾಜಧಾನಿಯಲ್ಲಿಯೇ ನಡೆದವು. ದೇಶವೆಂದರೆ ರಾಜಧಾನಿಯೊಂದೇ ಅಲ್ಲ.

ಆದರೆ ರಾಷ್ಟ್ರಾಭಿಮಾನಿಗಳ ಮನಸ್ಸನ್ನು ಕುಟುಕುವ ಪ್ರಶ್ನೆಯೊಂದುಂಟು. ಈ ಕೂಟವು 1930ರ ಆಗಸ್ಟ್ ತಿಂಗಳಲ್ಲಿ ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಹುಟ್ಟಿದಾಗ ಇದರ ಹೆಸರು 'ಬ್ರಿಟಿಷ್ ಎಂಪಾಯರ್ ಗೇಮ್ಸ್' ಎಂದಿತ್ತು. ಅದೇ ವರ್ಷದ ಮಾರ್ಚ್ 12ರಂದು ಮಹಾತ್ಮರು ಇದೇ ಅಹಮದಾಬಾದಿನ ಸಾಬರಮತಿ ಆಶ್ರಮದಿಂದ ದಂಡಿಗೆ ಹೊರಟಿದ್ದರು. ಅವರ ಜೊತೆಯಲ್ಲಿ ನಡೆದವರಲ್ಲಿ ನಮ್ಮ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವನೂ ಒಬ್ಬನಾಗಿದ್ದನು. ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿಯೂ ಉಪ್ಪಿನ ಕಾಯಿದೆಯು ಮುರಿಯಲ್ಪಟ್ಟಿತು. ಹೀಗಿರಲು 2030ರಲ್ಲಿ ಸಾಬರಮತಿಯ ತೀರದಲ್ಲಿ ಯಾವುದರ ಶತಮಾನೋತ್ಸವವು ಆಗತಕ್ಕದ್ದು? ಚಕ್ರಾಧಿಪತ್ಯದ ಆಟದ್ದೋ, ಅದನ್ನು ಅಲುಗಾಡಿಸಿದ ನಡಿಗೆಯದ್ದೋ?

ಈ ಕಾರಣದಿಂದ ಕೂಟವನ್ನೇ ಬೇಡವೆನ್ನುವವರೊಡನೆ ನಾವು ಸೇರುವುದಿಲ್ಲ. ಹೆಸರಿನಲ್ಲಿದ್ದ 'ಎಂಪಾಯರ್' ಎಂಬುದು 1970ರ ಕೂಟಕ್ಕೂ, 'ಬ್ರಿಟಿಷ್' ಎಂಬುದು 1978ರ ಕೂಟಕ್ಕೂ ಬಿಟ್ಟುಹೋದವು. 1958ರಲ್ಲಿ ಕಾರ್ಡಿಫ್ ನಗರದಲ್ಲಿ ಮಿಲ್ಖಾ ಸಿಂಗನು ಸ್ವರ್ಣಪದಕವನ್ನು ಗೆದ್ದಾಗ ಸ್ವತಂತ್ರ ರಾಷ್ಟ್ರದ ಧ್ವಜವೇ ಮೇಲೇರಿತು. ಹಿಂದೆ ಆಳಿದವರು ನಮ್ಮ ಅತಿಥಿಗಳಾಗಿ ಆ ಆಶ್ರಮದ ಊರಿಗೇ ಬರುವುದು ನಮಗೆ ಅವಮಾನವಲ್ಲ. ಆದರೆ ಆರಂಭೋತ್ಸವದಲ್ಲಿ ದಂಡಿಯಾತ್ರೆಗೆ ಮೊದಲ ಸ್ಥಾನವಿಲ್ಲದೆ ಹೋದರೆ ಅದು ಖಂಡಿತವಾಗಿಯೂ ಅವಮಾನವೇ.

ಇನ್ನು ಹಣದ ಮಾತು. ದೆಹಲಿಯ ಕೂಟದ ವೆಚ್ಚವು 18,500 ಕೋಟಿ ರೂಪಾಯಿಗಳ ಸುಮಾರಿಗೆ ಏರಿತ್ತೆಂಬುದು ಮಹಾಲೇಖಪಾಲರ 2011ರ ವರದಿಯಿಂದ ತಿಳಿದುಬಂದಿತು. ಕೂಟಕ್ಕೆ ಹತ್ತು ಹನ್ನೆರಡು ದಿನಗಳಿರುವಾಗ ಮುಖ್ಯ ಕ್ರೀಡಾಂಗಣದ ಬಳಿ ಕಾಲ್ಸೇತುವೆಯು ಕುಸಿದು ಕೂಲಿಕಾರರು ಗಾಯಗೊಂಡರು. ಆಟಗಾರರು 101 ಪದಕಗಳನ್ನು ತಂದು ದೇಶದ ಮಾನವನ್ನುಳಿಸಿದರು. ಕಾರ್ಯಭಾರಿಗಳು ಅದನ್ನು ಕಳೆದರು. ಈ ರೋಗವು ನಮ್ಮ ದೇಶದ್ದೊಂದೇ ಅಲ್ಲ. ಕೆನಡಾದ ಮಾಂಟ್ರಿಯಲ್ ನಗರದವರು 1976ರ ಒಲಿಂಪಿಕ್ ಕೂಟದ ಸಾಲವನ್ನು ತೀರಿಸುವಾಗ 2006 ಆಗಿತ್ತು. ಆಸ್ಟ್ರೇಲಿಯದ ವಿಕ್ಟೋರಿಯಾ ಪ್ರಾಂತವು 2026ರ ಕೂಟವನ್ನು ಒಪ್ಪಿಕೊಂಡಿದ್ದು, ವೆಚ್ಚವು ಎರಡೂವರೆ ಪಾಲಿಗೆ ಏರುವ ಅಂದಾಜನ್ನು ಕಂಡು 2023ರಲ್ಲಿ ಕೈಬಿಟ್ಟಿತು. ಗ್ಲಾಸ್ಗೋ ನಗರವು ಸ್ಪರ್ಧೆಗಳನ್ನು 10ಕ್ಕೆ ಇಳಿಸಿ ಅದನ್ನು ವಹಿಸಿಕೊಂಡಿತು. ಸಿರಿವಂತ ರಾಷ್ಟ್ರಗಳೇ ಲೆಕ್ಕ ಹಾಕಿ ಹಿಂದೆಗೆದ ಹೊರೆಯನ್ನು ನಾವು ಹೊರುವಾಗ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತನ್ನು ಮರೆಯಬಾರದು.

ಹಣಕ್ಕಿಂತಲೂ ಜೀವವು ದೊಡ್ಡದು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಸೆಖೆಯು 46 ಡಿಗ್ರಿಯನ್ನು ಮೀರಿ ಬಹುಮಂದಿ ಸತ್ತರು. ಅದರಿಂದ ಪಾಠ ಕಲಿತು ನಗರಸಭೆಯವರು 2013ರಲ್ಲಿ ಸೆಖೆಯನ್ನೆದುರಿಸುವ ವ್ಯವಸ್ಥಿತ ಯೋಜನೆಯನ್ನು ಮಾಡಿದರೆಂಬುದು ಅವರ ಶ್ಲಾಘನೀಯ ಕೆಲಸ. ಕೂಟದ ತಿಥಿಯನ್ನು ಗೊತ್ತುಮಾಡುವಾಗ ದೂರದ ಪ್ರೇಕ್ಷಕರ ಅನುಕೂಲಕ್ಕಿಂತ ಓಡುವವನ ಉಸಿರನ್ನು ಮೊದಲು ಎಣಿಸತಕ್ಕದ್ದು. ಜನಸಂದಣಿಯ ವಿಷಯದಲ್ಲಂತೂ ಕನ್ನಡಿಗರಾದ ನಾವು ಇತರರಿಗೆ ಬುದ್ಧಿ ಹೇಳುವಂತಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆಂದು ಬಂದವರಲ್ಲಿ 11 ಮಂದಿ ತುಳಿತಕ್ಕೆ ಸಿಕ್ಕಿ ಪ್ರಾಣಬಿಟ್ಟರು. ಒಂದು ಸಂಜೆಯ ಸಂಭ್ರಮವನ್ನು ನಿಭಾಯಿಸಲಾರದ ದೇಶವು ಹಲವು ದಿನಗಳ ಕೂಟವನ್ನು ನಿಭಾಯಿಸೀತೇ ಎಂದು ಪರರು ಕೇಳಿದರೆ ಉತ್ತರವು ಗೋಡೆಗಳ ಎತ್ತರದಲ್ಲಿಲ್ಲ. ಬಾಗಿಲುಗಳ ಅಗಲದಲ್ಲಿಯೂ ಕಾವಲಿನವರ ಶಿಕ್ಷಣದಲ್ಲಿಯೂ ಇದೆ.

ಕಟ್ಟಡಗಳು ಮುಂದೆ ಯಾರಿಗೆ ಉಪಯೋಗವಾಗುವುವೆಂಬುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ 1997ರಲ್ಲಿ ನಡೆದ ರಾಷ್ಟ್ರೀಯ ಕ್ರೀಡೆಗಳ ಕಾಲದ ಕಂಠೀರವ ಕ್ರೀಡಾಂಗಣದಲ್ಲಿ 2025ರ ಜುಲೈ 5ರಂದು ನೀರಜ್ ಚೋಪ್ರಾ ಮೊದಲಾದವರ ಅಂತರರಾಷ್ಟ್ರೀಯ ಭಲ್ಲೆ ಎಸೆತದ ಸ್ಪರ್ಧೆಯು ನಡೆಯಿತು. ಕಟ್ಟಿದ್ದು ಬಾಳಿತೆಂಬುದಕ್ಕೆ ಇದು ಸಾಕ್ಷಿ. ಆದರೆ ಬೆಂಗಳೂರಿನಿಂದ ಘಾಟಿಯಿಳಿದು ಬಂದರೆ ನಮ್ಮ ಶಾಲೆಗಳ ಸ್ಥಿತಿಯೇನು? ಗುಡ್ಡ ಕಡಿದು ಸಮಮಾಡಿದ ಮುರಕಲ್ಲಿನ ಅಂಗಳ, ಸುಣ್ಣದ ಹುಡಿಯ ಗೆರೆ, ಮಳೆಗಾಲದಲ್ಲಿ ನಿಂತ ನೀರು. ಕೊಯ್ಲಾದ ಗದ್ದೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟವನ್ನು ನಡೆಯಿಸುವವರು ಊರಿನ ಯುವಕರೇ ಹೊರತು ಸರಕಾರದವರಲ್ಲ. ಇಂತಹ ನೆಲದಿಂದಲೇ ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಎದ್ದುಬಂದು, ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತಲು ಕಲಿತು, 2018ರಲ್ಲಿ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ಇದೇ ಕಾಮನ್‌ವೆಲ್ತ್ ಕೂಟದಲ್ಲಿ ಗಳಿಸಿದರು. ಕಾರ್ಕಳದ ಕಡೆಯ ಮಮತಾ ಪೂಜಾರಿ ಭಾರತದ ಕಬಡ್ಡಿ ತಂಡವನ್ನು ನಡೆಸಿದರು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು ಕೋಣಗಳೊಡನೆ 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಬೆರಗಾಯಿತು. ಕೆಸರಿನ ಓಟವೂ ಅಂಗಣದ ಓಟವೂ ಬೇರೆಬೇರೆಯೆಂದು ಅವರೇ ವಿನಯದಿಂದ ಹೇಳಿ ಪರೀಕ್ಷೆಗೆ ಹೋಗಲಿಲ್ಲ. ಎಳೆಯ ಪ್ರಾಯದಲ್ಲಿಯೇ ಆ ಕಾಲುಗಳಿಗೆ ಅಂಗಣವು ಸಿಕ್ಕಿದ್ದರೆ ಎಂಬ ಯೋಚನೆಯು ನಮ್ಮನ್ನು ಬಿಟ್ಟಿಲ್ಲ.

ಆದುದರಿಂದ ನಮ್ಮ ನಿರ್ಣಯವು ಹೀಗಿದೆ. ಅಹಮದಾಬಾದು ಅಯೋಗ್ಯ ಸ್ಥಳವಲ್ಲ. ಕೆಲವು ನಿಬಂಧನೆಗಳಿಗೆ ಒಳಪಟ್ಟು ತಕ್ಕ ಸ್ಥಳವೇ ಸರಿ. ಮೊದಲನೆಯದಾಗಿ, ವೆಚ್ಚದ ಲೆಕ್ಕವನ್ನು ಕೂಟವು ಮುಗಿದ ಮೇಲಲ್ಲ, ಮೂರು ಮೂರು ತಿಂಗಳಿಗೊಮ್ಮೆ ಮಹಾಜನರ ಮುಂದಿಡತಕ್ಕದ್ದು. ಎರಡನೆಯದಾಗಿ, ಕಟ್ಟಡಗಳಿಗಾಗಿ ಬಡವರ ಮನೆಗಳನ್ನು ಕೀಳಬೇಕಾಗಿ ಬಂದಲ್ಲಿ ಬೇರೆ ಮನೆಯ ಬೀಗದ ಕೈ ಅವರ ಕೈಸೇರುವ ತನಕ ಗುದ್ದಲಿಯನ್ನು ಎತ್ತಕೂಡದು. ಸಾಬರಮತಿಯ ತೀರವನ್ನು ಚಂದಗಾಣಿಸುವಾಗ ಸಹಸ್ರಾರು ಕುಟುಂಬಗಳು ದೂರ ಹೋಗಬೇಕಾಗಿ ಬಂದುದನ್ನು ಆ ನಗರದವರು ಮರೆತಿರಲಾರರು. ಮೂರನೆಯದಾಗಿ, ಆತಿಥೇಯರು ದೇಶೀಯ ಆಟಗಳನ್ನು ಸೇರಿಸಲು ಅವಕಾಶವಿರುವುದರಿಂದ ಕಬಡ್ಡಿಗೆ ಸ್ಥಾನವನ್ನು ಕೇಳತಕ್ಕದ್ದು. ನಾಲ್ಕನೆಯದಾಗಿ, ನಗರದಲ್ಲಿ ವೆಚ್ಚಮಾಡುವ ಹಣದ ಒಂದಂಶವನ್ನಾದರೂ ಪ್ರತಿಯೊಂದು ತಾಲೂಕಿನಲ್ಲಿ ಒಂದು ಒಳ್ಳೆಯ ಓಟದ ಅಂಗಣಕ್ಕೆಂದು ಕಾದಿರಿಸತಕ್ಕದ್ದು.

ಈ ಕೊನೆಯ ಮಾತನ್ನು ನಮ್ಮ ಜಿಲ್ಲೆಯ ಅಧಿಕಾರಿಗಳೂ ಶಾಸನಸಭೆಯ ಸದಸ್ಯರೂ ಈಗಿಂದೀಗಲೇ ಎತ್ತಿಕೊಳ್ಳುವರೆಂದು ನಂಬುತ್ತೇವೆ. 2030ರಲ್ಲಿ ಓಡತಕ್ಕ ಹುಡುಗಿಯು ಇಂದು ಯಾವುದೋ ಹಳ್ಳಿಯ ಶಾಲೆಯಲ್ಲಿ ಬರಿಗಾಲಿನಲ್ಲಿ ಓಡುತ್ತಿರಬಹುದು. ಅವಳಿಗೆ ಅಂಗಣವನ್ನು ಕೊಡದೆ ಅಹಮದಾಬಾದಿನಲ್ಲಿ ದೀಪಗಳನ್ನು ಹಚ್ಚಿದರೆ ಆ ಬೆಳಕು ಕಾಮನಬಿಲ್ಲಿನಂತೆ ನೋಡುವುದಕ್ಕೆ ಚಂದವೇ. ಕೈಗೆ ಮಾತ್ರ ಸಿಕ್ಕಲಾರದು.