ಹಳೆಯ ಕಾರಿಗೆ ಎಂಥ ಟೈರು?

ಘರ್ಷಣೆಯ ಬಲವು ಪರಸ್ಪರ ತಾಗುವ ಮೇಲ್ಮೈಗಳ ವಿಸ್ತೀರ್ಣವನ್ನು ಅವಲಂಬಿಸಿಲ್ಲವೆಂದು ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕವು ಹೇಳುತ್ತದೆ. ಪಂದ್ಯದ ಕಾರುಗಳಾದರೋ ಮದ್ದಲೆಯಷ್ಟು ದಪ್ಪನೆಯ ಟೈರುಗಳನ್ನು ತೊಟ್ಟು ಓಡುತ್ತವೆ. ಹಾಗಾದರೆ ಪುಸ್ತಕವು ಸುಳ್ಳೆ, ಅಥವಾ ಪಂದ್ಯಗಾರರು ಮೂಢರೆ? ಘರ್ಷಣೆಯ ಪಾಠ ಮಾಡುವಾಗಲೆಲ್ಲ ತರಗತಿಯಲ್ಲಿ ಯಾರಾದರೊಬ್ಬರು ಈ ಪ್ರಶ್ನೆಯನ್ನು ಎತ್ತದೆ ಇರುವುದಿಲ್ಲ. ಇದು ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ. ಇದಕ್ಕೆ ಸರಿಯಾದ ಉತ್ತರ ತಿಳಿಯದೆ ಟೈರು ಕೊಳ್ಳುವವನು ತನ್ನ ಪ್ರಾಣವನ್ನೂ ಪರರ ಪ್ರಾಣವನ್ನೂ ಪಣಕ್ಕೆ ಒಡ್ಡುತ್ತಾನೆ.

ಉದಾಹರಣೆಗೆ ಒಂದು ಪ್ರಸಿದ್ಧವಾದ ಕಾರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ ೧೯೬೨ರಿಂದ ೧೯೮೦ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ ಐದು ಲಕ್ಷವನ್ನು ಮೀರಿತ್ತು. ಅವುಗಳಲ್ಲಿ ಸಾವಿರಾರು ಇಂದಿಗೂ ರಸ್ತೆಯ ಮೇಲಿವೆ. ಚಾಲಕನೂ ಸೇರಿ ಸುಮಾರು ಒಂದು ಟನ್ ತೂಗುವ ಈ ಕಾರು ಗಂಟೆಗೆ ೧೬೦ ಕಿಲೋಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಓಡಬಲ್ಲದು. ಇದಕ್ಕೆ ಹೊಸ ಟೈರು ಬೇಕಾದಾಗ ಒಡೆಯನಿಗೆ ಎರಡು ಬಗೆಯ ಉಪದೇಶ ದೊರೆಯುತ್ತದೆ. ಚಕ್ರಕ್ಕೆ ಹಿಡಿಸುವಷ್ಟೂ ಅಗಲವಾದ, ಪಂದ್ಯಕ್ಕೆ ಹತ್ತಿರವಾದ ಮೃದು ರಬ್ಬರಿನ ಟೈರನ್ನೇ ಹಾಕಬೇಕೆಂದು ಒಂದು ಪಕ್ಷ. ೧೯೬೨ರಲ್ಲಿ ಕಾರ್ಖಾನೆಯಿಂದ ಹೊರಟಾಗ ಇದ್ದಂಥ ಟೈರನ್ನಲ್ಲದೆ ಬೇರೆಯದನ್ನು ಮುಟ್ಟಬಾರದೆಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳು ಅಂಗಡಿಯ ಮಾತನ್ನೂ ಅಭಿಮಾನವನ್ನೂ ನಂಬಿ ಭೌತಶಾಸ್ತ್ರವನ್ನು ಮರೆತಿವೆಯೆಂಬುದು ನನ್ನ ಅಭಿಪ್ರಾಯ.

ಮೊದಲು ಅಗಲದ ಮಾತು. ಒಂದು ಟನ್ ಭಾರವು ನಾಲ್ಕು ಚಕ್ರಗಳಿಗೆ ಹಂಚಿಹೋದರೆ ಒಂದೊಂದರ ಪಾಲಿಗೆ ೨೫೦ ಕಿಲೋಗ್ರಾಂ ಬರುತ್ತದೆ. ಟೈರಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ೧.೮ ಕಿಲೋಗ್ರಾಂ, ಅಂದರೆ ಚದರ ಅಂಗುಲಕ್ಕೆ ಸುಮಾರು ೨೬ ಪೌಂಡು, ಎಂದಿರಲಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಭಾಗದ ವಿಸ್ತೀರ್ಣ ಸುಮಾರು ೧೪೦ ಚದರ ಸೆಂಟಿಮೀಟರು. ಹೆಚ್ಚು ಕಡಮೆ ಒಂದು ಅಂಚೆ ಕಾರ್ಡಿನಷ್ಟು! ಇಡೀ ಕಾರು ನಾಲ್ಕು ಅಂಚೆ ಕಾರ್ಡುಗಳ ಮೇಲೆ ನಿಂತಿದೆ. ಅದೇ ಒತ್ತಡವಿಟ್ಟು ಅಗಲವಾದ ಟೈರನ್ನು ಹಾಕಿದರೆ ಈ ವಿಸ್ತೀರ್ಣವು ಬಹಳವಾಗಿ ಬೆಳೆಯುವುದಿಲ್ಲ. ಬದಲಾಗುವುದು ಆಕಾರ ಮಾತ್ರ. ಉದ್ದ ಕುಗ್ಗಿ ಅಗಲ ಹಿಗ್ಗುತ್ತದೆ. ಇದರಿಂದ ತಿರುವಿನಲ್ಲಿ ಟೈರು ಚುರುಕಾಗಿ ಎದುರುತ್ತರ ಕೊಡುವುದು ನಿಜ. ಆದರೆ ಅಗಲವು ಇಮ್ಮಡಿಯಾದರೆ ಹಿಡಿತವೂ ಇಮ್ಮಡಿಯಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ಹಾಗಾದರೆ ಪುಸ್ತಕದ ನಿಯಮವೇ ಸರಿಯೆ? ಮರ, ಉಕ್ಕು ಮುಂತಾದ ಗಡುಸು ವಸ್ತುಗಳಿಗೆ ಅದು ಸಾಕಷ್ಟು ಸರಿ, ರಬ್ಬರಿಗೆ ಸರಿಯಲ್ಲ. ರಬ್ಬರು ರಸ್ತೆಯನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಅದರ ಉದ್ದವಾದ ಅಣುಸರಪಳಿಗಳು ಕಲ್ಲಿನ ಮೇಲ್ಮೈಗೆ ಕ್ಷಣಕಾಲ ಅಂಟಿ, ಹಿಗ್ಗಿ, ಬಿಡುತ್ತವೆ, ಇದು ಒಂದು. ರಸ್ತೆಯ ಉಬ್ಬುತಗ್ಗುಗಳ ಮೇಲೆ ಜಾರುವಾಗ ರಬ್ಬರು ತಗ್ಗಿ, ಮತ್ತೆ ತುಸು ತಡವಾಗಿ ಮೊದಲಿನ ರೂಪಕ್ಕೆ ಮರಳುತ್ತದೆ; ಆ ತಡದಲ್ಲಿ ಶಕ್ತಿಯು ಶಾಖವಾಗಿ ವ್ಯಯವಾಗುತ್ತದೆ; ಇದು ಇನ್ನೊಂದು. ಈ ಎರಡೂ ಕ್ರಿಯೆಗಳು ಉಷ್ಣತೆಯನ್ನೂ ಜಾರುವ ವೇಗವನ್ನೂ ಅವಲಂಬಿಸಿವೆಯೆಂಬುದನ್ನು ಗ್ರಾಶ್ ಎಂಬ ವಿಜ್ಞಾನಿ ೧೯೬೩ರಲ್ಲಿ ಪ್ರಯೋಗಗಳಿಂದ ತೋರಿಸಿದನು.

ಇದರಿಂದ ಮೊದಲನೆಯ ಪಕ್ಷಕ್ಕೆ ಉತ್ತರ ದೊರೆಯುತ್ತದೆ. ಪಂದ್ಯದ ರಬ್ಬರನ್ನು ಪಂದ್ಯದ ಬಿಸಿಗೆ ಹದಮಾಡಿರುತ್ತಾರೆ. ಬೆಳಗಿನ ತಂಪಿನಲ್ಲಿ ಹೊರಟು ಹತ್ತು ಕಿಲೋಮೀಟರು ಓಡಿ ಮನೆಗೆ ಮರಳುವ ಕಾರಿನ ಟೈರು ಆ ಬಿಸಿಯನ್ನು ಮುಟ್ಟುವುದೇ ಇಲ್ಲ. ಕಾಯದ ಕಾವಲಿಯ ಮೇಲೆ ದೋಸೆ ಹುಯ್ದಂತೆ, ವಸ್ತು ಉತ್ತಮವಾದರೂ ಫಲ ಕೆಡುತ್ತದೆ. ರಸ್ತೆಗಾಗಿ ಹದಗೊಳಿಸಿದ ರಬ್ಬರೇ ರಸ್ತೆಯಲ್ಲಿ ಮೇಲು.

ಎರಡನೆಯ ಪಕ್ಷದ ವಿಚಾರಕ್ಕೆ ಬರೋಣ. ಎಂ.ಜಿ.ಬಿ. ಮೊದಲು ಹೊರಬಂದಾಗ ಅದರ ಟೈರಿನೊಳಗಿನ ನೂಲಿನ ಪದರಗಳು ಒಂದನ್ನೊಂದು ಓರೆಯಾಗಿ ಅಡ್ಡಹಾಯುತ್ತಿದ್ದವು. ಇದು ಕ್ರಾಸ್‌ಪ್ಲೈ. ಫ್ರಾನ್ಸಿನ ಮಿಷೆಲಿನ್ ಸಂಸ್ಥೆ ೧೯೪೬ರಲ್ಲಿ ಪೇಟೆಂಟು ಪಡೆದು ೧೯೪೯ರಲ್ಲಿ ಮಾರಾಟಕ್ಕಿಟ್ಟ ರೇಡಿಯಲ್ ಟೈರಿನಲ್ಲಾದರೋ ನೂಲುಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯುತ್ತವೆ. ಅವುಗಳ ಮೇಲೆ ಉಕ್ಕಿನ ಪಟ್ಟಿ ಸುತ್ತುತ್ತದೆ. ಆದುದರಿಂದ ಪಕ್ಕದ ಗೋಡೆ ಬಾಗಿದರೂ ನೆಲಕ್ಕೆ ತಾಗುವ ಭಾಗವು ಸಪಾಟಾಗಿಯೇ ಉಳಿಯುತ್ತದೆ. ಹಿಡಿತವೂ ಬಾಳಿಕೆಯೂ ಹೆಚ್ಚುತ್ತವೆ. ಕಾರ್ಖಾನೆಯವರೇ ಬೇಗನೆ ಎಂ.ಜಿ.ಬಿ.ಗೆ ರೇಡಿಯಲ್ ಕೊಡತೊಡಗಿದ ಮೇಲೆ ಕ್ರಾಸ್‌ಪ್ಲೈಗೆ ಅಂಟಿಕೊಳ್ಳುವುದು ವಸ್ತುಸಂಗ್ರಹಾಲಯದಲ್ಲಿ ಶೋಭಿಸೀತು, ಮಳೆಯ ರಸ್ತೆಯಲ್ಲಲ್ಲ. ಒಂದೇ ಎಚ್ಚರ: ಎರಡನ್ನೂ ಬೆರೆಸಬಾರದು. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಇದ್ದರೆ ತಿರುವಿನಲ್ಲಿ ಹಿಂಭಾಗ ಮೊದಲು ಜಾರಿ ಕಾರು ಬುಗುರಿಯಾಗುತ್ತದೆ. ಬ್ರಿಟನ್ನಿನ ಕಾನೂನು ಈ ಜೋಡಣೆಯನ್ನು ನಿಷೇಧಿಸಿದೆ.

ಇನ್ನು ಅಳತೆ. ಈ ಕಾರಿನ ರೇಡಿಯಲ್ ಟೈರಿನ ಅಗಲ ೧೬೫ ಮಿಲಿಮೀಟರು. ಪಕ್ಕಗೋಡೆಯ ಎತ್ತರ ಅದರ ನೂರಕ್ಕೆ ೮೦ ಪಾಲು. ಚಕ್ರದ ವ್ಯಾಸ ೧೪ ಅಂಗುಲ. ಲೆಕ್ಕ ಹಾಕಿದರೆ ಒಟ್ಟು ವ್ಯಾಸ ಸುಮಾರು ೬೨೦ ಮಿಲಿಮೀಟರು. ಇದರ ಬದಲು ನೋಟಕ್ಕೆ ಚೆಂದವೆಂದು ೧೮೫ ಅಗಲದ, ನೂರಕ್ಕೆ ೬೦ರ ಎತ್ತರದ ಟೈರನ್ನು ಹಾಕಿದರೆ ವ್ಯಾಸ ೫೭೮ಕ್ಕೆ ಇಳಿಯುತ್ತದೆ. ಕಾರು ನೆಲಕ್ಕೆ ೨೧ ಮಿಲಿಮೀಟರು ಹತ್ತಿರವಾಗುತ್ತದೆ. ಅದೇ ವೇಗಕ್ಕೆ ಎಂಜಿನು ನೂರಕ್ಕೆ ಏಳರಷ್ಟು ಹೆಚ್ಚು ಸುತ್ತಬೇಕಾಗುತ್ತದೆ. ವೇಗಮಾಪಕವು ನೂರನ್ನು ನೂರೇಳೆಂದು ತೋರಿಸುತ್ತದೆ. ೧೮೫ರ ಅಗಲವೇ ಬೇಕೆನ್ನುವವರು ೭೦ರ ಎತ್ತರದ್ದನ್ನು ಆರಿಸಿದರೆ ವ್ಯಾಸ ೬೧೫ ಆಗಿ ಈ ತೊಡಕು ತಪ್ಪುತ್ತದೆ. ಆದರೆ ಚಕ್ರದ ಅಂಚಿನ ಅಗಲ ಅದಕ್ಕೆ ಒಪ್ಪಬೇಕು.

ಹಿಡಿತವು ಹೆಚ್ಚಿದಷ್ಟೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ನ್ಯೂಟನ್ನನ ಮೂರನೆಯ ನಿಯಮವನ್ನು ನೆನೆಯಿರಿ. ರಸ್ತೆಯು ಟೈರನ್ನು ತಳ್ಳುವ ಬಲ ಅಲ್ಲಿಯೇ ಮುಗಿಯುವುದಿಲ್ಲ. ಚಕ್ರದ ಕಡ್ಡಿ, ಬೇರಿಂಗು, ಅಚ್ಚು, ಕಾರಿನ ಮೈ ಇವೆಲ್ಲ ಅದನ್ನು ಹೊರಬೇಕು. ಈ ಅಂಗಗಳನ್ನು ಅರುವತ್ತರ ದಶಕದ ಟೈರಿನ ಬಲಕ್ಕೆ ಸರಿಯಾಗಿ ರೂಪಿಸಿದ್ದರು. ಈಗ ಅವುಗಳಿಗೆ ವಯಸ್ಸೂ ಆಗಿದೆ. ಇಂಥ ಮುದಿ ಮೈಗೆ ಎಳೆಯ ಮಲ್ಲನ ತೋಳನ್ನು ಕಟ್ಟುವುದು ವಿವೇಕವಲ್ಲ.

ನೀರಿನ ವಿಷಯದಲ್ಲಿ ಅಗಲವು ಶತ್ರುವೇ ಸರಿ. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ, ಮೂರು ಮಿಲಿಮೀಟರು ನೀರು ನಿಂತ ರಸ್ತೆಯಲ್ಲಿ, ೧೨ ಸೆಂಟಿಮೀಟರು ಅಗಲದ ಪಟ್ಟಿಯು ಸೆಕೆಂಡಿಗೆ ಎಂಟು ಲೀಟರು ನೀರನ್ನು ಸರಿಸಬೇಕು. ೧೬ ಸೆಂಟಿಮೀಟರಿನ ಪಟ್ಟಿ ಹತ್ತೂವರೆ ಲೀಟರಿಗೂ ಹೆಚ್ಚು. ಸರಿಸಲಾಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಅಮೆರಿಕದ ನಾಸಾ ಸಂಸ್ಥೆಯವರು ವಿಮಾನದ ಟೈರುಗಳನ್ನು ಪರೀಕ್ಷಿಸಿ ೧೯೬೩ರಲ್ಲಿ ಪ್ರಕಟಿಸಿದ ಸೂತ್ರದಂತೆ, ತೇಲುವ ವೇಗವು ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿದೆ. ೨೬ ಪೌಂಡಿನ ಒತ್ತಡಕ್ಕೆ ಅದು ಗಂಟೆಗೆ ಸುಮಾರು ೮೫ ಕಿಲೋಮೀಟರು. ತೇಲುವ ಚಕ್ರಕ್ಕೆ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದುದು, ಯಾರೂ ಗಮನಿಸದ ಸಂಗತಿ, ಟೈರಿನ ವಯಸ್ಸು. ಹಳೆಯ ಕಾರು ವರ್ಷದಲ್ಲಿ ಕೆಲವೇ ಸಲ ಹೊರಡುವುದರಿಂದ ಟೈರು ಸವೆಯುವುದಿಲ್ಲ. ಗೀರುಗಳು ಆಳವಾಗಿಯೇ ಇರುತ್ತವೆ. ಆದರೆ ಆಮ್ಲಜನಕವೂ ಓಜೋನೂ ಸುಮ್ಮನೆ ಕುಳಿತಿರುವುದಿಲ್ಲ. ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ, ಒಳಪದರಗಳ ಬೆಸುಗೆ ಸಡಿಲುತ್ತದೆ. ಘರ್ಷಣಾಂಕವು ೦.೮ರಿಂದ ೦.೫ಕ್ಕೆ ಇಳಿಯಿತೆನ್ನಿ, ನೂರು ಕಿಲೋಮೀಟರು ವೇಗದ ಕಾರನ್ನು ನಿಲ್ಲಿಸಲು ೪೯ ಮೀಟರಿನ ಬದಲು ೭೯ ಮೀಟರು ಬೇಕಾಗುತ್ತದೆ. ಆ ಮೂವತ್ತು ಮೀಟರಿನೊಳಗೆ ಒಂದು ಮಗು ರಸ್ತೆ ದಾಟುತ್ತಿರಬಹುದು. ೨೦೧೨ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಹೈಂಡ್‌ಹೆಡ್ ಬಳಿ ಬಸ್ಸೊಂದರ ಮುಂದಿನ ಟೈರು ಒಡೆದು ಮೂವರು ಮಡಿದರು. ಆ ಟೈರಿಗೆ ಹತ್ತೊಂಬತ್ತು ವರ್ಷ ತುಂಬಿತ್ತು. ಬಹುಕಾಲದ ಒತ್ತಾಯದ ತರುವಾಯ ೨೦೨೧ರ ಫೆಬ್ರವರಿಯಿಂದ ಬ್ರಿಟನ್ನು ಲಾರಿ ಬಸ್ಸುಗಳ ಮುಂದಿನ ಅಚ್ಚಿನಲ್ಲಿ ಹತ್ತು ವರ್ಷ ಮೀರಿದ ಟೈರನ್ನು ನಿಷೇಧಿಸಿತು. ಸ್ವಂತದ ಕಾರುಗಳಿಗೆ ಆ ನಿರ್ಬಂಧವನ್ನು ವಿಧಿಸಲಿಲ್ಲ. ಅಲ್ಲಿ ಒಡೆಯನ ವಿವೇಕವೇ ಕಾನೂನಾಗಬೇಕು.

ಆದುದರಿಂದ ನನ್ನ ಸಲಹೆ ಸರಳವಾದುದು. ಕಾರ್ಖಾನೆ ಹೇಳಿದ ಅಳತೆಯ, ನಾಲ್ಕೂ ಒಂದೇ ಬಗೆಯ, ರಸ್ತೆಯ ರಬ್ಬರಿನ, ಹೊಸದಾಗಿ ತಯಾರಾದ ರೇಡಿಯಲ್ ಟೈರುಗಳನ್ನು ಆರಿಸಿರಿ. ೨೧೦ ಕಿಲೋಮೀಟರು ವೇಗಕ್ಕೆ ಯೋಗ್ಯವೆಂದು ಸೂಚಿಸುವ ‘ಎಚ್’ ಗುರುತು ಈ ಕಾರಿಗೆ ಧಾರಾಳವಾಗಿ ಸಾಕು. ಮಿಷೆಲಿನ್, ಪಿರೆಲ್ಲಿ, ವ್ರೆಡೆಸ್ಟೈನ್ ಮುಂತಾದ ಸಂಸ್ಥೆಗಳು ಹಳೆಯ ಕಾರುಗಳಿಗೆಂದೇ ಹಳೆಯ ಅಳತೆಗಳಲ್ಲಿ ಹೊಸ ಟೈರುಗಳನ್ನು ತಯಾರಿಸುತ್ತಿವೆ.

ನಮ್ಮಲ್ಲಿ ಎಂ.ಜಿ.ಬಿ.ಯನ್ನು ಕಂಡವರೇ ವಿರಳ, ನಮಗೇಕೆ ಈ ಚರ್ಚೆ ಎನ್ನದಿರಿ. ನಿಮ್ಮ ಮನೆಯ ಸ್ಕೂಟರಿಗೂ ಕಾರಿಗೂ ರಬ್ಬರಿನ ನಿಯಮ ಬೇರೆಯಲ್ಲ. ಟೈರಿನ ಪಕ್ಕಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಮೊದಲೆರಡು ವಾರವನ್ನೂ ಕಡೆಯೆರಡು ವರ್ಷವನ್ನೂ ಹೇಳುತ್ತವೆ. ೨೩೧೯ ಎಂದಿದ್ದರೆ ಅದು ೨೦೧೯ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ ಟೈರು. ಇಂದು ಸಂಜೆಯೇ ಅದನ್ನು ಹುಡುಕಿ ಓದಿರಿ. ಓದಿದುದನ್ನು ಮನೆಯ ಹಿರಿಯರಿಗೂ ತಿಳಿಸಿರಿ.