ಅಪರಾಧ ತಂತಿಯದು, ಶಿಕ್ಷೆ ಮಗುವಿಗೆ

ಮುಂಬಯಿಯಲ್ಲಿರುವ ನಮ್ಮ ಕನ್ನಡಿಗರ ಮನೆಗಳಿಗೆ ಹೋದಾಗ ಬೀರುವಿನ ತಲೆಯ ಮೇಲೊಮ್ಮೆ ಕಣ್ಣು ಹಾಯಿಸಿ ನೋಡಿ. ಹಳೆಯ ಸೂಟ್‌ಕೇಸು, ಗಣಪತಿ ಮಂಟಪದ ತುಂಡುಗಳು, ಊರಿನಿಂದ ತಂದ ಹಪ್ಪಳದ ಡಬ್ಬ, ಇವುಗಳ ನಡುವೆ ಈಚಿನ ವರ್ಷಗಳಲ್ಲಿ ಒಂದು ಪುಟ್ಟ ಕರಿಯ ಚೀಲವೂ ಕಾಣಿಸಿಕೊಳ್ಳುತ್ತಿದೆ. ಅದರೊಳಗೆ ಧೂಳು ತಿನ್ನುತ್ತ ಮಲಗಿರುವುದು ಯುಕುಲೇಲಿ ಎಂಬ ನಾಲ್ಕು ತಂತಿಯ ವಾದ್ಯ. ಯಾಕೆ ಮೇಲಿಟ್ಟಿರಿ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. "ಮಗೂಗೆ ಆಸಕ್ತಿ ಹೋಯಿತು", "ಕೈ ಕೂಡಲಿಲ್ಲ", "ಅದಕ್ಕೆ ಶ್ರುತಿಜ್ಞಾನವೇ ಇಲ್ಲ." ಇವು ಉತ್ತರಗಳಲ್ಲ, ತೀರ್ಪುಗಳು. ಹತ್ತು ಹನ್ನೊಂದು ವರ್ಷದ ಮಗುವಿನ ಮೇಲೆ ವಿಚಾರಣೆಯಿಲ್ಲದೆ ಕೊಟ್ಟ ತೀರ್ಪುಗಳು. ನಾವು ಇಲ್ಲಿ ವಾದಿಸಹೊರಟಿರುವುದು ಇಷ್ಟೆ: ಹಲವು ಮನೆಗಳಲ್ಲಿ ನಿಜವಾದ ಅಪರಾಧಿ ಮಗುವಲ್ಲ, ವಾದ್ಯವೂ ಅಲ್ಲ, ಅದಕ್ಕೆ ಕಟ್ಟಿದ ತಂತಿ. ಅದನ್ನು ಬದಲಿಸದೆ ಮಗುವಿನ ಕಿವಿಯನ್ನು ದೂರುವ ಹಕ್ಕು ನಮಗೆ ಯಾರಿಗೂ ಇಲ್ಲ.

ಈ ಮಾತನ್ನು ನಾವು ಪೀಠದಿಂದ ಹೇಳುತ್ತಿಲ್ಲ, ಕಟಕಟೆಯಿಂದ ಹೇಳುತ್ತಿದ್ದೇವೆ. ನಮ್ಮ ಮಗಳಿಗೆಂದು ಮಹಾಗನಿ ಮರದ ಟೆನರ್ ಅಳತೆಯ ಯುಕುಲೇಲಿಯನ್ನು ತಂದೆವು. ಒಂದು ವಾರದೊಳಗೆ ಅವಳು ಮೂರನೆಯ ತಂತಿಯನ್ನು ತೋರಿಸಿ, "ಅಪ್ಪಾ, ಇದು ಬರೀ ಮೀಟಿದರೆ ಸರಿಯಾಗಿರತ್ತೆ, ಬೆರಳಿಟ್ಟರೆ ಮೇಲಕ್ಕೆ ಹೋಗತ್ತೆ" ಎಂದಳು. ನಾವು ಅದನ್ನು ಕೇಳುವ ಬದಲು, "ಮೊದಲು ನೀನು ಸರಿಯಾಗಿ ಒತ್ತು" ಎಂದೆವು. ಮೂರು ತಿಂಗಳಾಗುವಾಗ ಅವಳು ಹೇಳುವುದನ್ನೂ ಬಿಟ್ಟಳು, ನುಡಿಸುವುದನ್ನೂ ಬಿಟ್ಟಳು. ಅಂಗಡಿಯವನನ್ನು ಕೇಳಿದರೆ, "ಇನ್ನೂ ಮೇಲಿನ ಮಾಡೆಲ್ ತಗೊಳ್ಳಿ ಸಾರ್" ಎಂಬ ಸಲಹೆ ಬಂತು. ಕೊನೆಗೆ ಪಕ್ಕದ ಬ್ಲಾಕಿನ ಹುಡುಗನೊಬ್ಬ ಬಂದು ಹಳೆಯ ತಂತಿಗಳನ್ನು ಬಿಚ್ಚಿ ಹೊಸದನ್ನು ಕಟ್ಟಿದ. ಅದೇ ವಾದ್ಯ, ಅದೇ ಕೈ. ಮೂರನೆಯ ತಂತಿ ಈಗ ಬೆರಳಿಟ್ಟರೂ ಸ್ವರ ಬಿಡಲಿಲ್ಲ. ಮಗಳ ಕಿವಿ ಮೊದಲಿನಿಂದಲೂ ಸರಿಯಾಗಿತ್ತು. ಕೆಟ್ಟಿದ್ದದ್ದು ನಮ್ಮ ಕಿವಿ.

ಬಿ.ಎಸ್ಸಿ. ಓದಿದ ನಾವು ಹೀಗೆ ಮಾಡಿದ್ದು ಇನ್ನೂ ನಾಚಿಕೆಗೇಡು. ಕಾಲೇಜಿನ ಪ್ರಯೋಗಾಲಯದಲ್ಲಿ ಸೋನೋಮೀಟರಿನ ಮುಂದೆ ನಿಂತು, ತೂಕ ಬದಲಿಸುತ್ತ, ಕಾಗದದ ಚೂರು ತಂತಿಯಿಂದ ಹಾರುವುದನ್ನು ಕಾಯುತ್ತ ನಾವೆಲ್ಲ ಬರೆದುಕೊಂಡದ್ದೇನು? ತಂತಿಯ ಸ್ವರವನ್ನು ನಿರ್ಧರಿಸುವುದು ಮೂರೇ ಸಂಗತಿಗಳು: ಅದರ ಉದ್ದ, ಎಳೆತ ಮತ್ತು ಒಂದು ಮೀಟರಿಗೆ ಅದು ತೂಗುವ ತೂಕ. ಫ್ರಾನ್ಸಿನ ಮರ್ಸೆನ್ 1636ರಲ್ಲೇ ಇದನ್ನು ಗ್ರಂಥದಲ್ಲಿ ಪ್ರಕಟಿಸಿದ್ದ. ಪರೀಕ್ಷೆಯಲ್ಲಿ ಅಂಕ ಪಡೆದೆವು, ಮರೆತೆವು. ಇರಲಿ, ಅದೇ ಲೆಕ್ಕವನ್ನು ಈಗ ಈ ವಾದ್ಯಕ್ಕೆ ಹಾಕಿ ನೋಡೋಣ.

ಟೆನರ್ ಯುಕುಲೇಲಿಯಲ್ಲಿ ಮೀಟುವ ತಂತಿಯ ಉದ್ದ ಸುಮಾರು 43 ಸೆಂಟಿಮೀಟರು. ಮೊದಲನೆಯ ತಂತಿ ಎ ಸ್ವರಕ್ಕೆ, ಅಂದರೆ ಸೆಕೆಂಡಿಗೆ 440 ಕಂಪನಕ್ಕೆ ನಿಲ್ಲಬೇಕು. ಮೂರನೆಯದು ಸಿ, ಸುಮಾರು 262 ಕಂಪನ. ಪೇಟೆಯಲ್ಲಿ ಸಿಗುವ ತಂತಿಗಳಲ್ಲಿ ಮುಖ್ಯವಾದವು ಎರಡು: ನೈಲಾನು ಮತ್ತು ಫ್ಲೋರೋಕಾರ್ಬನ್. ನೈಲಾನಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.14 ಗ್ರಾಂ, ಫ್ಲೋರೋಕಾರ್ಬನ್ನಿನದು ಸುಮಾರು 1.78. ಫ್ಲೋರೋಕಾರ್ಬನ್ನಿನ 0.52 ಮಿ.ಮೀ. ದಪ್ಪದ ತಂತಿಯನ್ನು ಎ ಸ್ವರಕ್ಕೆ ಬಿಗಿದರೆ ಎಳೆತ ಸುಮಾರು ಐದೂವರೆ ಕಿಲೋ ಬರುತ್ತದೆ. ಅದೇ ಸ್ವರ, ಅದೇ ಎಳೆತ ನೈಲಾನಿನಲ್ಲಿ ಬೇಕೆಂದರೆ 0.65 ಮಿ.ಮೀ. ಬೇಕು; ಕಾಲುಭಾಗ ಹೆಚ್ಚು ದಪ್ಪ. ಮೂರನೆಯ ತಂತಿಗೆ ಬಂದರೆ ಫ್ಲೋರೋಕಾರ್ಬನ್ 0.87ರ ಸುಮಾರಿನಲ್ಲಿ ನಿಂತಾಗ ನೈಲಾನು 1 ಮಿ.ಮೀ. ದಾಟಿಬಿಡುತ್ತದೆ. ದಪ್ಪ ತಂತಿ ಸುಲಭವಾಗಿ ಬಗ್ಗುವುದಿಲ್ಲ. ಮೆಟ್ಟಿನ ಮೇಲೆ ಒತ್ತಿದಾಗ ಅದರ ಸ್ವರ ಮೇಲಕ್ಕೆ ಜಾರುತ್ತದೆ, ನಾದವೂ ಮಂಕಾಗುತ್ತದೆ. ನಮ್ಮ ಮಗಳು ದೂರಿದ್ದು ಇದನ್ನೇ.

ಹಾಗಾದರೆ ನೈಲಾನು ಕೆಟ್ಟದ್ದೆ? ಹಾಗೆಂದು ನಾವು ಹೇಳುತ್ತಿಲ್ಲ. ಒಂದೇ ಸೂತ್ರವನ್ನು ಜಪಿಸುವ ಪಂಡಿತರ ಮೇಲೂ ನಮಗೆ ತಕರಾರಿದೆ. "ಮಹಾಗನಿಗೆ ಫ್ಲೋರೋಕಾರ್ಬನ್ನೇ ಆಗಬೇಕು" ಎಂದು ಇವರು ಶಾಸನ ಹೊರಡಿಸುತ್ತಾರೆ. ಮಹಾಗನಿಯ ನಾದ ತುಸು ಮೆತ್ತಗೆ, ದುಂಡಗೆ ಇರುತ್ತದೆ, ಆದ್ದರಿಂದ ಸ್ಪಷ್ಟವಾಗಿ ನುಡಿಯುವ ತಂತಿ ಅದಕ್ಕೆ ಜೊತೆಯಾಗುತ್ತದೆ ಎಂಬ ಮಟ್ಟಿಗೆ ಮಾತು ನಿಜ. ಆದರೆ ಮಹಾಗನಿ ಎಂದು ಚೀಟಿ ಅಂಟಿಸಿದ ವಾದ್ಯಗಳಲ್ಲಿ ಇಡೀ ಹಲಗೆಯವೂ ಇವೆ, ಪ್ಲೈವುಡ್ಡಿನ ಮೇಲ್ಪದರಕ್ಕಷ್ಟೆ ಮಹಾಗನಿ ಅಂಟಿಸಿದವೂ ಇವೆ. ಎರಡರ ನಾದವೂ ಒಂದೇ ಎನ್ನಲಾಗದು. ಉಗುರಿನಿಂದ ಮೀಟುವ ಕೈ ಬೇರೆ, ಬೆರಳ ತುದಿಯ ಮಾಂಸದಿಂದ ಮೀಟುವ ಕೈ ಬೇರೆ. ಉಗುರಿನ ಕೈಗೆ ಫ್ಲೋರೋಕಾರ್ಬನ್ ಕರ್ಕಶವೆನಿಸಿದರೆ ತೆಳುವಾದ ನೈಲಾನು ಕಟ್ಟಿ ನೋಡುವುದರಲ್ಲಿ ತಪ್ಪೇನೂ ಇಲ್ಲ. ಇವೆರಡರ ನಡುವೆ ಇಟಲಿಯ ಅಕ್ವಿಲಾ ಕಂಪನಿಯ ನೈಲ್‌ಗಟ್ ಎಂಬ ಬಿಳಿಯ ತಂತಿ ಇದೆ. ಹಳೆಯ ಕರುಳಿನ ತಂತಿಯ ಸಾಂದ್ರತೆಯನ್ನು ಅನುಕರಿಸಿ ಮಾಡಿದ್ದು. ಕಲಿಯುವ ಮಗುವಿನ ಮಹಾಗನಿ ಟೆನರಿಗೆ ಮಧ್ಯಮ ಎಳೆತದ ಫ್ಲೋರೋಕಾರ್ಬನ್ನಿನಿಂದ ಆರಂಭಿಸಿ ಎಂಬುದು ನಮ್ಮ ಸಲಹೆ. ಮುಂಬಯಿಯ ಮಳೆಗಾಲದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ನೈಲಾನು ತೇವವನ್ನು ಹೀರುತ್ತದೆ, ಫ್ಲೋರೋಕಾರ್ಬನ್ ಬಹುಮಟ್ಟಿಗೆ ಹೀರುವುದಿಲ್ಲ. ಆದರೆ ಕೊನೆಯ ಮಾತು ನುಡಿಸುವವರ ಕಿವಿಯದು. ಅಂಗಡಿಯದೂ ಅಲ್ಲ, ಅಪ್ಪನದೂ ಅಲ್ಲ.

ಇನ್ನು ನಮ್ಮ ಭಾಷೆಯೇ ಮಾಡಿದ ಒಂದು ಅನಾಹುತವನ್ನು ಹೇಳಬೇಕು. ಬೇಲಿಯದೂ ತಂತಿ, ವಿದ್ಯುತ್ತಿನದೂ ತಂತಿ, 2013ರಲ್ಲಿ ನಿಂತುಹೋದ ಟೆಲಿಗ್ರಾಮೂ ನಮಗೆ ತಂತಿಯೇ ಆಗಿತ್ತು. ತಂತಿ ಎಂದೊಡನೆ ಲೋಹ ಎಂದು ತಿಳಿದು, ಮನೆಯಲ್ಲಿದ್ದ ಗಿಟಾರಿನ ಉಕ್ಕಿನ ತಂತಿಯನ್ನು ಈ ಪಾಪದ ವಾದ್ಯಕ್ಕೆ ಕಟ್ಟಿದವರನ್ನು ನಾವು ಬಲ್ಲೆವು. 0.30 ಮಿ.ಮೀ. ಉಕ್ಕನ್ನು ಎ ಸ್ವರಕ್ಕೆ ಬಿಗಿದರೆ ಎಳೆತ 8 ಕಿಲೋ ದಾಟುತ್ತದೆ. ಯುಕುಲೇಲಿಯ ಕುದುರೆಯನ್ನು ಹಲಗೆಗೆ ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಬರೀ ಅಂಟು. ಅದು ಕಿತ್ತು ಬಂದ ಮೇಲೆ, "ಚೀನಾ ಮಾಲು, ಬಾಳಲಿಲ್ಲ" ಎಂದು ಶರಾ ಬರೆಯುವುದು ಯಾವ ನ್ಯಾಯ?

ಹಿರಿಯರ ಆಕ್ಷೇಪಣೆ ಬೇರೆ ಬಗೆಯದು. ನಮ್ಮ ತಾಯಿಯವರು ಮೊದಲ ದಿನವೇ, "ಇದೇನೋ, ಮೇಲ್ಗಡೆ ತಂತಿ ಮಂದ್ರದಲ್ಲಿರೋದು ಬಿಟ್ಟು ಕೂಗ್ತಾ ಇದೆ, ತಪ್ಪು ಕಟ್ಟಿದಾರೆ" ಎಂದರು. ತಪ್ಪಲ್ಲ. ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಈ ನಾಲ್ಕು ಬಿಡಿ ತಂತಿಗಳು ಪ, ಸ, ಗ, ದ ಎಂದು ನುಡಿಯುತ್ತವೆ. ಗಾಂಧಾರ ಅಂತರ, ದೈವತ ಚತುಶ್ರುತಿ. ಪಂಚಮ ಮಧ್ಯಸ್ಥಾಯಿಯದೇ. ತಂತಿಗಳು ತಗ್ಗಿನಿಂದ ಏರಿಗೆ ಸಾಲಾಗಿ ನಿಲ್ಲಲೇಬೇಕೆಂದರೆ ನಮ್ಮ ತಂಬೂರಿಯೂ ತಪ್ಪೇ ಆಗಬೇಕಲ್ಲ? ಅಲ್ಲಿ ಎಲ್ಲಕ್ಕಿಂತ ತಗ್ಗಿನ ಷಡ್ಜ ಕೊನೆಗೆ ಬರುತ್ತದೆ. ಆದರೆ ಮಗು ಹಾಡಿಗೆ ಜೊತೆ ನುಡಿಸುವುದರ ಬದಲು ಸ್ವರ, ಗೀತೆ ನುಡಿಸಬೇಕೆಂದಿದ್ದರೆ ತಾಯಿಯವರ ಮಾತಿನಲ್ಲಿ ತಥ್ಯವಿದೆ. ಮಾಮೂಲು ಕಟ್ಟಿನಲ್ಲಿ ಷಡ್ಜದ ಕೆಳಗೆ ಇಳಿಯಲು ಜಾಗವೇ ಇಲ್ಲ. ತಗ್ಗಿನ ಜಿ ಎಂದು ಕೇಳಿ ತಂದು ಕಟ್ಟಿದರೆ ಮಂದ್ರ ಪಂಚಮದವರೆಗೆ ದಾರಿ ತೆರೆಯುತ್ತದೆ. ಒಂದೇ ಎಚ್ಚರ: ಅದು ದಪ್ಪ ತಂತಿ, ಮೇಲಿನ ಗೀರು ಕಿರಿದಾಗಿದ್ದರೆ ಬಲವಂತವಾಗಿ ತುರುಕದೆ ಬಲ್ಲವರಿಂದ ಅಗಲ ಮಾಡಿಸಿಕೊಳ್ಳಬೇಕು.

ಈಗ ವ್ಯಾಪಾರಿಗಳ ಮಾತು. ತಂತಿಯ ಪೊಟ್ಟಣದ ಮೇಲೆ ತೆಂಗಿನ ಮರವಿದೆ, ಸಮುದ್ರವಿದೆ, ಮುಳುಗುವ ಸೂರ್ಯನಿದ್ದಾನೆ. ತಂತಿಯ ದಪ್ಪ ಎಷ್ಟೆಂಬುದು ಮಾತ್ರ ಎಷ್ಟೋ ಪೊಟ್ಟಣಗಳ ಮೇಲೆ ಇಲ್ಲ. ನಮ್ಮ ಕಚೇರಿಯಲ್ಲಿ ಒಂದು ರೀಮು ಕಾಗದ ಕೊಳ್ಳಬೇಕಾದರೂ ಎಷ್ಟು ಗ್ರಾಮಿನದು, ಯಾವ ಅಳತೆಯದು ಎಂದು ಬರೆಯದೆ ಕಡತ ಮೇಜು ಬಿಟ್ಟು ಏಳುವುದಿಲ್ಲ. ಅದೇ ನಾವು ಮಕ್ಕಳ ವಾದ್ಯಕ್ಕೆ ಕೊಳ್ಳುವಾಗ "ಒಳ್ಳೇದು ಕೊಡಿ" ಎಂದು ಹೇಳಿ ಹಣ ಕೊಟ್ಟು ಬರುತ್ತೇವೆ. ಬೆಲೆ ಹೆಚ್ಚಾದದ್ದೇ ಒಳ್ಳೆಯದೆಂಬ ಮೌಢ್ಯ ಬೇರೆ. ಫ್ಲೋರೋಕಾರ್ಬನ್ನನ್ನು ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಹೊರತಂದದ್ದು ಮೀನಿನ ಗಾಳದ ದಾರವಾಗಿ; ವಸ್ತುವಿನ ಹೆಸರು ಕೇಳಿ ಬೆರಗಾಗಬೇಕಾದದ್ದೇನೂ ಇಲ್ಲ. ವಸ್ತು ಯಾವುದು, ನಾಲ್ಕು ತಂತಿಗಳ ದಪ್ಪ ಎಷ್ಟೆಷ್ಟು, ಟೆನರಿಗೆ ಹೊಂದುವುದೆ, ಜಿ ಏರಿನದೋ ತಗ್ಗಿನದೋ, ಈ ನಾಲ್ಕನ್ನು ಬರೆಯದ ಪೊಟ್ಟಣವನ್ನು ವಾಪಸು ಕೊಟ್ಟುಬಿಡಿ. ಹತ್ತು ಜನ ವಾಪಸು ಕೊಟ್ಟರೆ ಹನ್ನೊಂದನೆಯವರಿಗೆ ಬರೆದದ್ದು ಸಿಗುತ್ತದೆ.

"ಯಾವುದೋ ದ್ವೀಪದ ಆಟಿಕೆಗೆ ಇಷ್ಟೊಂದು ರಾಮಾಯಣವೇಕೆ, ನಮ್ಮ ಸಂಘಕ್ಕೂ ಇದಕ್ಕೂ ಏನು ನಂಟು?" ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಮಾತು. 1879ರಲ್ಲಿ ರಾವೆನ್ಸ್‌ಕ್ರಾಗ್ ಎಂಬ ಹಡಗು ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ನಾನೂರಕ್ಕೂ ಮಿಕ್ಕಿ ಜನರನ್ನು ಹವಾಯಿಯ ಹೊನೊಲುಲುವಿಗೆ ತಂದಿಳಿಸಿತು. ಕಬ್ಬಿನ ತೋಟದ ಕೂಲಿಗೆಂದು ಬಂದ ವಲಸಿಗರು ಅವರು. ಅವರಲ್ಲಿ ನೂನೆಸ್, ದಿಯಾಸ್, ಎಸ್ಪಿರಿಟೊ ಸ್ಯಾಂಟೊ ಎಂಬ ಮರಗೆಲಸದವರಿದ್ದರು. ತಮ್ಮೂರಿನ ಪುಟ್ಟ ವಾದ್ಯವನ್ನು ಅವರು ಹೊಸ ನಾಡಿನ ಕೋವಾ ಮರದಲ್ಲಿ ಮಾಡತೊಡಗಿದರು, ಅದೇ ಯುಕುಲೇಲಿಯಾಯಿತು. ಮುಂದೆ ಅಮೆರಿಕದ ಮಾರ್ಟಿನ್ ಕಂಪನಿ 1916ರ ಸುಮಾರಿಗೆ ಅದನ್ನು ಮಹಾಗನಿಯಲ್ಲಿ ಮಾಡತೊಡಗಿತು. ಕರುಳಿನ ತಂತಿ ಹೋಗಿ ನೈಲಾನು ಬಂತು. ಊರು ಬಿಟ್ಟವರ ಕೈಯಲ್ಲಿ ಹುಟ್ಟಿ, ಸಿಕ್ಕಿದ ಮರಕ್ಕೆ, ಸಿಕ್ಕಿದ ತಂತಿಗೆ ಹೊಂದಿಕೊಂಡು ಬೆಳೆದ ವಾದ್ಯ ಊರು ಬಿಟ್ಟು ಬಂದ ನಮಗೆ ಅನ್ಯವಾಗುವುದು ಹೇಗೆ? ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತು, ಅದರಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿ ತೋರಿಸಿದ ಕದ್ರಿ ಗೋಪಾಲನಾಥರು ನಮ್ಮವರೇ ಅಲ್ಲವೆ?

ಆದ್ದರಿಂದ ನಮ್ಮ ವಿನಂತಿ ಇಷ್ಟು. ಈ ಭಾನುವಾರ ಬೀರುವಿನ ಮೇಲಿನ ಚೀಲವನ್ನು ಕೆಳಗಿಳಿಸಿ. ಪ್ರತಿಯೊಂದು ತಂತಿಯನ್ನೂ ಮೊದಲು ಬಿಡಿಯಾಗಿ, ಆಮೇಲೆ ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ಮೀಟಿ ನೋಡಿ. ಎರಡನೆಯದು ಮೊದಲಿನದರ ನೇರ ಮೇಲಿನ ಸ್ಥಾಯಿಯಾಗಿರಬೇಕು. ಒಂದೇ ತಂತಿ ತಪ್ಪಿದರೆ ಅನುಮಾನ ತಂತಿಯ ಮೇಲೆ. ನಾಲ್ಕೂ ತಪ್ಪಿದರೆ ಕುದುರೆಯ ಎತ್ತರ, ಜಾಗ ನೋಡಿಸಿ. ಹೊಸ ತಂತಿ ಕಟ್ಟಿದ ಮೇಲೆ ಕೆಲವು ದಿನ ಅದು ಹಿಗ್ಗುತ್ತಲೇ ಇರುತ್ತದೆ, ದಿನವೂ ಬಿರಡೆ ತಿರುಗಿಸಿ ಶ್ರುತಿ ಮಾಡಬೇಕು; ಅದನ್ನೇ ಕಂಡು ಮತ್ತೆ ಮಗುವಿನ ಮೇಲೆ ಹರಿಹಾಯಬೇಡಿ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯೂ ಭಾಷಣವೊಂದನ್ನು ಕಡಿಮೆ ಮಾಡಿ, ಮಕ್ಕಳೆಲ್ಲ ವಾದ್ಯ ತಂದು ತಂತಿ ಕಟ್ಟಿಸಿಕೊಳ್ಳುವ ಒಂದು ಮಧ್ಯಾಹ್ನವನ್ನು ಏರ್ಪಡಿಸಲಿ. ಬಲ್ಲ ಹುಡುಗರು ನಮ್ಮಲ್ಲೇ ಇದ್ದಾರೆ.

ನಮ್ಮ ಮಗಳು ಈಗ ಮತ್ತೆ ನುಡಿಸುತ್ತಾಳೆ. ಆದರೆ ಒಂದು ಸ್ವರ ತಪ್ಪಿದರೂ ಸಾಕು, ಕೈ ನಿಲ್ಲಿಸಿ ನಮ್ಮ ಮುಖ ನೋಡುತ್ತಾಳೆ. ಹೊಸ ತಂತಿ ಕಟ್ಟಲು ಅರ್ಧ ಗಂಟೆ ಹಿಡಿಯಿತು. ಈ ನೋಟ ಹೋಗಲು ಎಷ್ಟು ದಿನ ಬೇಕೋ ತಿಳಿಯದು. ನಿಮ್ಮ ಮನೆಯಲ್ಲಿ ತೀರ್ಪು ಇನ್ನೂ ಹೊರಬಿದ್ದಿಲ್ಲವಾದರೆ, ದಯವಿಟ್ಟು ತಂತಿಯನ್ನು ಮೊದಲು ವಿಚಾರಿಸಿ.